ಎಮಿಲಿಬಾಯಿಯ ಐದು ಎಲೆಗಳು

ಎಮಿಲಿಬಾಯಿ ಈಗ ಪಾಂಬೂರಿನಲ್ಲಿ, ತಮ್ಮನ ಮನೆಯ ಪಕ್ಕದ ಎರಡು ಕೋಣೆಗಳಲ್ಲಿ ಇದ್ದಾರೆ. ನನ್ನ ಫೋನ್ ಎತ್ತುವುದಿಲ್ಲ. ನನ್ನ ಗಂಡ ನೆಲ್ಸನ್ ಮಾಡಿದರೆ ಎತ್ತುತ್ತಾರೆ. ಅಲ್ಲಿ ಚಳಿ ಶುರುವಾಯಿತಾ, ಊಟ ಆಯಿತಾ ಎಂದು ಕೇಳುತ್ತಾರೆ. ನನ್ನ ಹೆಸರು ಮಾತ್ರ ಬಾಯಿಗೆ ತರುವುದಿಲ್ಲ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ನೆಲ್ಸನ್‌ನ ಫೋನನ್ನೂ ಎತ್ತುತ್ತಿರಲಿಲ್ಲ.

ನಾನು ಕ್ಯಾರೊಲಿನ್. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಓಣಿಯ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ. ನನ್ನ ಬಾಯಿ ಜೋರು ಅಂತ ಕ್ಲಿನಿಕ್ಕಿನಲ್ಲೂ ಗೊತ್ತು, ಇಗರ್ಜಿಯಲ್ಲೂ ಗೊತ್ತು. ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ಹೆಸರು ಪಡೆದವಳು ನಾನು, ನಿಜ ಹೇಳಲೇಬೇಕಾದ ಒಂದು ದಿನ ಬೆಣ್ಣೆಯಂಥ ಸುಳ್ಳು ಹೇಳಿದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅನ್ನುತ್ತಾರಲ್ಲ, ಒದೆಸಿಕೊಂಡಿದ್ದರೆ ಚೆನ್ನಾಗಿತ್ತು.

ಎಮಿಲಿಬಾಯಿ ಅದೇ ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷ ರಕ್ತ ತೆಗೆದವರು. ಎಲ್ಲರೂ ಸಿಸ್ಟರ್ ಎಂದು ಕರೆಯುತ್ತಿದ್ದರು, ಆದರೆ ಅವರ ಕೆಲಸ ಅದೊಂದೇ. ಕಿಟಕಿಯಿಲ್ಲದ ಸಣ್ಣ ಕೋಣೆ, ಕೈ ಚಾಚಲು ಹಲಗೆಯಿದ್ದ ಒಂದು ಕುರ್ಚಿ, ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳ ಒಂದು ಸ್ಟ್ಯಾಂಡು. ನರ ಸಿಗದ ದಪ್ಪ ಹೆಂಗಸರು, ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಕೈಯೆಲ್ಲ ಗಂಟಾದ ರೋಗಿಗಳು, ಕಿರುಚುವ ಹಸುಗೂಸುಗಳು, ಎಲ್ಲರೂ ಕೊನೆಗೆ ಅವರ ಕುರ್ಚಿಗೇ ಬರುತ್ತಿದ್ದರು. ಎಮಿಲಿಬಾಯಿ ರೋಗಿಯ ಮೊಣಕೈ ಮಡಿಕೆಯಲ್ಲಿ ಎರಡು ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು. ಒಳ್ಳೇ ಅಡುಗೆಯವಳು ಬೆರಳಲ್ಲಿ ಹಿಟ್ಟಿನ ಹದ ನೋಡುವ ಹಾಗೆ. "ಇಲ್ಲಿ ಉಂಟು," ಎಂದು ಕಣ್ಣು ತೆರೆಯುವಷ್ಟರಲ್ಲಿ ಸೂಜಿ ಹೋಗಿ ಆಗುತ್ತಿತ್ತು. ಒಂದೇ ಸಲ. ಎರಡನೇ ಸಲ ಚುಚ್ಚಿದ್ದನ್ನು ನಾನು ಕಂಡದ್ದಿಲ್ಲ.

ಮದುವೆಯಾಗಲಿಲ್ಲ. ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. "ಕೇಳಲು ಬಂದವರೆಲ್ಲ ವೀಸಾ ಕೇಳಲು ಬಂದವರು ಮಾರಾಯ್ತಿ," ಎಂದು ನಕ್ಕರು. ಎಲೆಕ್ಟ್ರಾ ಸ್ಟ್ರೀಟಿನ ನಮ್ಮ ಫ್ಲಾಟಿನಲ್ಲಿ ಒಂದು ಕೋಣೆ ಅವರದ್ದು, ಹನ್ನೊಂದು ವರ್ಷದಿಂದ. ನನ್ನ ಎರಡು ಬಸಿರು ನಿಲ್ಲದೆ ಹೋದಾಗ ನನ್ನ ಬಟ್ಟೆ ಒಗೆದವರು ಅವರು. ಎರಡನೇ ಸಲ ನಾನು ಗೋಡೆಗೆ ಮುಖ ಮಾಡಿ ಮಲಗಿ ಒಂದು ವಾರ ಯಾರೊಂದಿಗೂ ಮಾತಾಡಲಿಲ್ಲ. ಅವರು ದಿನಾ ಗಂಜಿ ತಂದಿಟ್ಟು, "ಮಾತಾಡಬೇಡ. ಬಯ್ಯಬೇಕು ಅನ್ನಿಸಿದರೆ ನನ್ನನ್ನೇ ಬಯ್ಯಿ," ಎಂದು ಹೇಳಿ ಹೋಗುತ್ತಿದ್ದರು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಮೂವರು ಕೂತು ಊಟ ಮಾಡುವುದೇ ಸಂಸಾರ ಎಂದು ನನಗೆ ಅಭ್ಯಾಸವಾಗಿತ್ತು.

ಅವರ ಕೋಣೆಯ ಗೋಡೆಯಲ್ಲಿ ಹಳೆಯ ಕ್ಯಾಲೆಂಡರ್ ಒಂದಿತ್ತು. ಟ್ಯೂಬು ಮಾರುವ ಕಂಪನಿಯವರು ಕೊಟ್ಟದ್ದು. ಅಕ್ಟೋಬರ್ ತಿಂಗಳ ಹಾಳೆ ಮೂರು ವರ್ಷದಿಂದ ಮಗುಚಿರಲಿಲ್ಲ. ಯಾವುದೋ ದೂರ ದೇಶದ ರಸ್ತೆ, ಎರಡೂ ಬದಿಯ ಮರಗಳು ಬೆಂಕಿ ಹಿಡಿದಷ್ಟು ಕೆಂಪು, ದಾರಿಯ ತುಂಬ ಉದುರಿದ ಎಲೆ. ಅಲ್ಲಿಯ ಜನ ಆ ಎಲೆ ನೋಡಲೆಂದೇ ಕಾರು ಮಾಡಿಕೊಂಡು ಹೋಗುತ್ತಾರಂತೆ. "ಇದಕ್ಕೆ ಅಷ್ಟು ದೂರ ಯಾಕೆ? ನಮ್ಮ ಅಂಗಳದಲ್ಲಿ ಬಾದಾಮಿ ಮರ ಇತ್ತು. ಕ್ರಿಸ್ಮಸ್ ಮುಗಿಯುವಾಗ ಹೀಗೇ ಕೆಂಪಾಗಿ ಉದುರುತ್ತಿತ್ತು. ಗುಡಿಸಿ ಗುಡಿಸಿ ನನ್ನ ಸೊಂಟ ಹೋಯಿತು," ಎನ್ನುತ್ತಿದ್ದರು ಎಮಿಲಿಬಾಯಿ. ನಮ್ಮ ಕರಾವಳಿಯಲ್ಲಿ ಅಂಗಳಕ್ಕೊಂದು ಇರುವ, ಅಗಲ ಎಲೆಯ, ಮಕ್ಕಳು ಕಾಯಿ ಜಜ್ಜಿ ತಿನ್ನುವ ಕಾಡು ಬಾದಾಮಿ ಅದು.

2014ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಚಾ ಕೊಡಲು ಹೋದಾಗ ಅವರು ಆ ಹಾಳೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿದ್ದರು. "ಎಂತ ಬಾಯಿ, ಚಿತ್ರದ ಒಳಗೆ ಹೋಗುತ್ತೀರಾ?" ಎಂದು ತಮಾಷೆ ಮಾಡಿದೆ. ಅವರು ತಿರುಗಲಿಲ್ಲ.

"ಕ್ಯಾರೊಲಿನ್, ಇದರಲ್ಲಿ ಕೆಂಪು ಇನ್ನೂ ಉಂಟಾ?"

ಆಮೇಲೆ ಹಾಸಿಗೆಯ ಮೇಲೆ ಕೂತು ಎಲ್ಲ ಹೇಳಿದರು. ಮೇ ತಿಂಗಳ ರಜೆಯಲ್ಲಿ ಮಂಗಳೂರಿನ ಕಣ್ಣಿನ ಡಾಕ್ಟರು ನೋಡಿ, ಕಣ್ಣಿನ ಹಿಂದಿನ ನರ ಒಣಗುತ್ತಾ ಬರುತ್ತಿದೆ, ಮೊದಲು ಹೋಗುವುದು ಕೆಂಪು ಬಣ್ಣ ಎಂದಿದ್ದರಂತೆ. ಕೆಂಪು ಮಾಸಿದರೆ ನೇರಳೆ ಕೂಡ ನೀಲಿಯ ಹಾಗೇ ಕಾಣುತ್ತದಂತೆ. ರಕ್ತ ತೆಗೆಯುವವರಿಗೆ ಅದಕ್ಕಿಂತ ದೊಡ್ಡ ಏಟು ಇಲ್ಲ. ನೀಲಿ ಮುಚ್ಚಳದ ಟ್ಯೂಬು ಒಂದು ಪರೀಕ್ಷೆಗೆ, ನೇರಳೆ ಮುಚ್ಚಳದ್ದು ಬೇರೆಯದಕ್ಕೆ. ಅದಲು ಬದಲಾದರೆ ಲ್ಯಾಬಿನವರು ಆ ರಕ್ತವನ್ನು ಮುಟ್ಟುವುದೇ ಇಲ್ಲ. ಮುಚ್ಚಳದ ಪಕ್ಕದ ಅಕ್ಷರ ಅಕ್ಕಿಯ ನುಚ್ಚಿನಷ್ಟು ಸಣ್ಣದು, ಅದು ಅವರಿಗೆ ಯಾವಾಗಲೋ ಕಾಣದಾಗಿತ್ತು.

"ಆರು ತಿಂಗಳಿಂದ ಹೇಗೆ ಮಾಡಿದಿರಿ ಮತ್ತೆ?"

"ಸ್ಟ್ಯಾಂಡಿನಲ್ಲಿ ಸಾಲು ಉಂಟಲ್ಲ. ಎಡದಿಂದ ಮೊದಲನೇದು ನೀಲಿ, ಕೊನೇದಕ್ಕಿಂತ ಮುಂಚಿನದು ನೇರಳೆ. ಕಣ್ಣು ಯಾಕೆ? ನಾನೇ ಜೋಡಿಸುವುದು, ನಾನೇ ತೆಗೆಯುವುದು."

ಅವರು ಜೋಡಿಸದ ದಿನ ಎರಡು ಟ್ಯೂಬು ತಪ್ಪಿತ್ತು. ಮ್ಯಾನೇಜರ್ ಮಾತು ಬೆಳೆಸಲಿಲ್ಲ, ಒಂದು ಕಾಗದ ಕೊಟ್ಟ. ಡಿಸೆಂಬರ್ 28, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ನಮ್ಮ ಕ್ಲಿನಿಕ್ಕಿನ ಕಣ್ಣಿನ ಡಾಕ್ಟರ ಬಳಿ ಬಣ್ಣದ ಪರೀಕ್ಷೆ. ಚುಕ್ಕಿಗಳ ನಡುವೆ ಅಡಗಿದ ಅಂಕಿ ಓದುವ ಪುಸ್ತಕ ಅದು. ಓದಿದರೆ ಕೆಲಸ ಉಂಟು, ಇಲ್ಲದಿದ್ದರೆ ವೀಸಾ ಕ್ಯಾನ್ಸಲ್. ಇಲ್ಲಿ 'ವೀಸಾ ಕ್ಯಾನ್ಸಲ್ ಮಾಡಿದರು' ಎಂದೂ ಹೇಳುವುದಿಲ್ಲ, 'ಅವಳನ್ನು ಕ್ಯಾನ್ಸಲ್ ಮಾಡಿದರು' ಎನ್ನುತ್ತಾರೆ. ಐವತ್ತೆರಡು ವರ್ಷದ ಹೆಂಗಸನ್ನು, ಬೇರೆ ಯಾವ ಕೆಲಸವೂ ಗೊತ್ತಿಲ್ಲದವರನ್ನು.

ನಾನು ಅತ್ತೆ, ಬೈದೆ, ಮೇ ತಿಂಗಳಿಂದ ಬಚ್ಚಿಟ್ಟದ್ದಕ್ಕೆ ಜಗಳವಾಡಿದೆ. ಎಮಿಲಿಬಾಯಿ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಪುಸ್ತಕ ಅವರದ್ದು, ಅವರು ಬೇಕಾದ ಹಾಗೆ ಹೇಳುತ್ತಾರೆ. ಈ ಚಿತ್ರ ಮಾಸಿದ್ದು, ಇದನ್ನೂ ನಂಬಲಾಗುವುದಿಲ್ಲ. ನನಗೆ ನಿಜವಾದ ಮರ ನೋಡಬೇಕು. ಅಬ್ದುಲ್ಲಾಕನ ಅಂಗಡಿ ಹಿಂದೆ ಬಾದಾಮಿ ಮರ ಉಂಟಲ್ಲ, ಕ್ರಿಸ್ಮಸ್ ಹೊತ್ತಿಗೆ ಕೆಂಪಾಗುತ್ತದೆ. ಅಲ್ಲಿ ಹೋಗಿ ನಿಲ್ಲುತ್ತೇನೆ. ಎಲೆಯಲ್ಲಿ ಕೆಂಪು ಕಂಡರೆ ಆ ಭಾನುವಾರ ಪರೀಕ್ಷೆಗೆ ಕೂರುತ್ತೇನೆ. ಕಾಣದಿದ್ದರೆ ಪರೀಕ್ಷೆಯೂ ಬೇಡ, ಎಂತದೂ ಬೇಡ. ನಾನೇ ರಾಜೀನಾಮೆ ಬರೆದು ಕೊಡುತ್ತೇನೆ. ಯಾರದ್ದೋ ರಕ್ತದ ಜೊತೆ ಆಟ ಆಡುವವಳಲ್ಲ ನಾನು."

ಅಬ್ದುಲ್ಲಾಕ ಅಲ್ ಐನ್‌ನಲ್ಲಿ ಗ್ರೋಸರಿ ಇಟ್ಟಿದ್ದವರು. ಉಳ್ಳಾಲದ ಬ್ಯಾರಿ, ಅರವತ್ತರ ಹತ್ತಿರ. ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದರು. ಅದು ಹೆಚ್ಚಾದರೆ ಒಳಗೆ ರಕ್ತ ಒಸರುತ್ತದೆ, ಕಡಿಮೆಯಾದರೆ ಹೆಪ್ಪುಗಟ್ಟುತ್ತದೆ. ಅದಕ್ಕೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು. ಅಲ್ ಐನ್‌ನಲ್ಲಿ ಆಸ್ಪತ್ರೆಗೇನು ಬರಗಾಲವಿಲ್ಲ, ಆದರೂ ಒಂದೂವರೆ ಗಂಟೆಯ ದಾರಿ ಬಂದು ನಮ್ಮ ಕ್ಲಿನಿಕ್ಕಿನಲ್ಲೇ ಕೊಡುತ್ತಿದ್ದರು. "ನನ್ನ ನರ ಬಾಯಮ್ಮನ ಬೆರಳಿಗೆ ಮಾತ್ರ ಸಿಗುವುದು," ಎನ್ನುತ್ತಿದ್ದರು. ನಮ್ಮ ಕಡೆಯ ಹಳಬರ ಹಾಗೆ ಎಮಿಲಿಬಾಯಿಯನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು.

ಹಾಗೆ ಡಿಸೆಂಬರ್ 26ರ ಶುಕ್ರವಾರ, ಬೆಳಗ್ಗಿನ ಪೂಜೆ ಮುಗಿಸಿ ನಾವು ಮೂವರು ಹೊರಟೆವು. ಇಲ್ಲಿ ಭಾನುವಾರ ಕೆಲಸದ ದಿನ, ಶುಕ್ರವಾರವೇ ನಮ್ಮ ಭಾನುವಾರ. ಡಿಕ್ಕಿಯಲ್ಲಿ ಒಂದು ಡಬ್ಬಿ ಕುಸ್ವಾರ್, ಕ್ರಿಸ್ಮಸ್ ತಿಂಡಿ, ಅಬ್ದುಲ್ಲಾಕನ ಮನೆಗೆ. ಕಿಡಿಯೊ, ನೆವ್ರಿ, ಗುಳಿಯೊ ಎಲ್ಲ ಎಮಿಲಿಬಾಯಿ ಮಾಡಿದ್ದು. ಎಣ್ಣೆಯಲ್ಲಿ ಕೆಂಪಗಾಗುವುದು ಕಾಣದೆ ಒಂದು ಒಬ್ಬೆ ಪೂರ್ತಿ ಕರಟಿ ಹೋಗಿತ್ತು. ಕರಟಿದ್ದನ್ನು ನಾನು ಅವರಿಗೆ ತಿಳಿಯದಂತೆ ಕಸಕ್ಕೆ ಹಾಕಿದ್ದೆ. ಅಲ್ಲಿಂದಲೇ ನನ್ನ ಸುಳ್ಳು ಶುರುವಾದದ್ದು ಅಂತ ಕಾಣುತ್ತದೆ.

ನೆಲ್ಸನ್ ಮಾತು ಕಡಿಮೆಯವನು, ಕಾರು ಬಿಡುವಾಗ ಇನ್ನೂ ಕಡಿಮೆ. ಎಮಿಲಿಬಾಯಿ ಮುಂದಿನ ಸೀಟಿನಲ್ಲಿ ಇಗರ್ಜಿಯ ಸೀರೆಯಲ್ಲೇ ಕೂತಿದ್ದರು. ಮುಸ್ಸಫಾ ದಾಟಿದ ಮೇಲೆ ಮರಳು ಶುರುವಾಗುತ್ತದೆ. ಅಲ್ ಐನ್ ಹತ್ತಿರವಾಗುತ್ತಾ ಬಂದ ಹಾಗೆ ಆ ಮರಳು ಬಿಳಿಯಿಂದ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಎಮಿಲಿಬಾಯಿ ನೂರು ಸಲ ಬಂದ ದಾರಿ.

"ಮಣ್ಣು ಇನ್ನೂ ಕೆಂಪಾಗಲಿಲ್ಲವಾ ನೆಲ್ಸನ್?" ಎಂದು ಕೇಳಿದರು.

ಸುತ್ತ ಎಲ್ಲ ಕೆಂಪೇ ಇತ್ತು. ನೆಲ್ಸನ್ ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಸ್ವಲ್ಪ ಮುಂದೆ ಬಾಯಿ," ಎಂದೆ ನಾನು ಹಿಂದಿನಿಂದ.

ಅವರಿಗೆ ಕಾಣುವುದಿಲ್ಲ ಎಂದು ಆ ಕ್ಷಣಕ್ಕೆ ನನಗೆ ಖಾತ್ರಿಯಾಯಿತು. ಕಾಣುವುದಿಲ್ಲ, ರಾಜೀನಾಮೆ ಬರೆಯುತ್ತಾರೆ, ಜನವರಿಯಲ್ಲಿ ಹೋಗುತ್ತಾರೆ. ಆಮೇಲೆ ಆ ಕೋಣೆಗೆ ಯಾರೋ ಬರುತ್ತಾರೆ, ಅಡುಗೆಮನೆಯಲ್ಲಿ ಯಾರದೋ ಪಾತ್ರೆ. ಎಮಿಲಿಬಾಯಿಯ ಕಣ್ಣಿನ ಬಗ್ಗೆ ನಾನು ಯೋಚಿಸಲಿಲ್ಲ, ನನ್ನ ಬಗ್ಗೆ ಯೋಚಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಸಾಯ್ಬಾ ಭೊಗೊಸ್, ದೇವರು ಕ್ಷಮಿಸಲಿ.

ಅಬ್ದುಲ್ಲಾಕ ಜುಮ್ಮಾ ನಮಾಜು ಮುಗಿಸಿ ಅಂಗಡಿ ಬಾಗಿಲಲ್ಲೇ ಕಾಯುತ್ತಿದ್ದರು. "ಎಲೆ ನೋಡಲು ಪೆಟ್ರೋಲ್ ಸುಟ್ಟು ಬಂದವರು ನೀವೇ ಮೊದಲು ಬಾಯಮ್ಮ. ನಾನು ದಿನಾ ಗುಡಿಸಿ ಬಯ್ಯುತ್ತೇನೆ," ಎಂದು ನಕ್ಕು ಸುಲೈಮಾನಿ ಚಾ ಮಾಡಿಸಿದರು. ಅಂಗಡಿಯ ಹಿಂದೆ ಹಳೇ ವಿಲ್ಲಾದ ಗೋಡೆಯುದ್ದಕ್ಕೂ ನಾಲ್ಕು ಮರ. ಎರಡು ಮರ ಪೂರ್ತಿ ಕೆಂಪಾಗಿದ್ದವು. ಎಂಥ ಕೆಂಪು ಅಂದರೆ, ಕ್ಯಾಲೆಂಡರಿನ ಆ ದೇಶದವರು ಬಂದು ನೋಡಬೇಕಿತ್ತು. ಇನ್ನೆರಡು ಇನ್ನೂ ಹಸಿರು. ಕರೆಂಟು ತಂತಿಗೆ ತಾಗುತ್ತದೆಂದು ಹಿಂದಿನ ದಿನ ಆ ಹಸಿರು ಮರಗಳ ಕೊಂಬೆ ಕಡಿಸಿದ್ದರು. ಹಾಗಾಗಿ ನೆಲದ ಮೇಲೆ ಕೆಂಪೆಲೆಯೂ ಇತ್ತು, ಹಸಿರೆಲೆಯೂ ಇತ್ತು.

ಎಮಿಲಿಬಾಯಿ ಚಪ್ಪಲಿ ಬಿಟ್ಟು ಮರಗಳ ಕೆಳಗೆ ಹೋಗಿ ನಿಂತರು. ತಲೆ ಎತ್ತಿ ನೋಡಿದರು. ಬಹಳ ಹೊತ್ತು ನೋಡಿದರು. ಇಗರ್ಜಿಯಲ್ಲಿ ಕೂಡ ಅವರು ಅಷ್ಟು ಹೊತ್ತು ಅಲ್ಲಾಡದೆ ನಿಂತದ್ದು ನಾನು ನೋಡಿಲ್ಲ. ಮತ್ತೆ ಸೊಂಟ ಹಿಡಿದುಕೊಂಡು ಬಗ್ಗಿ ಒಂದು ಎಲೆ ಹೆಕ್ಕಿದರು. ಎರಡೂ ಕಡೆ ತಿರುಗಿಸಿ ನೋಡಿ ನನ್ನ ಕಡೆ ಚಾಚಿದರು.

"ಇದು ಕೆಂಪಲ್ವಾ?"

ಅದು ಕೆಂಪೇ ಆಗಿತ್ತು. "ಕೆಂಪು," ಎಂದೆ. ದೇವರು ನನಗೆ ಒಂದು ಎಲೆಯ ಮಟ್ಟಿಗೆ ದಾರಿ ಬಿಟ್ಟಿದ್ದ.

ಎರಡನೇದು ಹೆಕ್ಕಿದರು. "ಇದು?"

ಕಡಿದ ಕೊಂಬೆಯ ಹಸಿ ಎಲೆ. ತೊಟ್ಟಿನ ಪಸೆ ಕೂಡ ಆರಿರಲಿಲ್ಲ.

"ಅದೂ ಕೆಂಪು."

"ಸರಿಯಾಗಿ ನೋಡಿ ಹೇಳು ಕ್ಯಾರೊಲಿನ್."

"ನೋಡಿಯೇ ಹೇಳಿದ್ದು ಬಾಯಿ. ಒಳ್ಳೇ ಕೆಂಪು ಉಂಟು."

ಮೂರನೇದು, ನಾಲ್ಕನೇದು, ಐದನೇದು, ಮೂರೂ ಹಸಿರು. ಮೂರಕ್ಕೂ ನಾನು ಕೆಂಪು ಎಂದೆ. ನೆಲ್ಸನ್ ಕಾರಿನ ಟಯರು ನೋಡುವವನ ಹಾಗೆ ಆಚೆ ಹೋದ. ಎಮಿಲಿಬಾಯಿಯ ಮುಖ ನಿಧಾನಕ್ಕೆ ಸಡಿಲವಾಯಿತು. ಐದು ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಕೈಚೀಲದಿಂದ ಪ್ರಾರ್ಥನೆ ಪುಸ್ತಕ ತೆಗೆದು ಅದರೊಳಗೆ ಇಟ್ಟರು.

"ಹಾಗಾದರೆ ಅಷ್ಟು ಹೋಗಲಿಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು.

ಅವರು ಕೈ ತೊಳೆಯಲು ಒಳಗೆ ಹೋದಾಗ ಅಬ್ದುಲ್ಲಾಕ ನನ್ನ ಹತ್ತಿರ ಬಂದರು. ಅವರು ಎಲ್ಲ ನೋಡಿದ್ದರು.

"ತಂಗಿ, ಬಾಯಮ್ಮನಿಗೆ ಬಣ್ಣ ತಿಳಿಯುವುದಿಲ್ಲವಾ?"

"ಸುಮ್ಮನಿರಿ ಅಬ್ದುಲ್ಲಾಕ," ಎಂದೆ. ದನಿ ಜೋರಾಗಿಯೇ ಬಂತು. "ಅವರ ಕೆಲಸ ಹೋಗುತ್ತದೆ. ಯಾರಿಗೂ ಹೇಳಬೇಡಿ."

ಅಬ್ದುಲ್ಲಾಕ ಗಡ್ಡ ಸವರಿಕೊಂಡು ನಿಂತರು. ಆಮೇಲೆ ತಮ್ಮ ಅಂಗಿಯ ತೋಳು ಸ್ವಲ್ಪ ಮೇಲೆ ಮಾಡಿ, ಸೂಜಿಯ ಹಳೇ ಗುರುತುಗಳನ್ನು ನೋಡಿಕೊಂಡರು. "ನಾನು ಯಾರಿಗೆ ಹೇಳಲಿ? ನನಗೆ ಅವರ ಬೆರಳು ಸಾಕು. ಕಣ್ಣು ಕಟ್ಟಿಕೊಂಡು ಚುಚ್ಚಿದರೂ ನನ್ನ ನರ ಅವರಿಗೆ ಸಿಗುತ್ತದೆ. ಹತ್ತು ವರ್ಷದಲ್ಲಿ ಒಮ್ಮೆಯೂ ನೋಯಿಸಲಿಲ್ಲ ಆ ಹೆಂಗಸು," ಎಂದರು. ಆ ಹೊತ್ತಿಗೆ ಅದು ನನಗೆ ದೊಡ್ಡ ಸಮಾಧಾನವಾಯಿತು.

ವಾಪಸು ಬರುವಾಗ ಎಮಿಲಿಬಾಯಿ ಹುಡುಗಿಯ ಹಾಗೆ ಮಾತಾಡಿದರು. ಅಂಗಳ ಗುಡಿಸಿದ್ದು, ತಮ್ಮ ಬಾದಾಮಿ ಜಜ್ಜುವಾಗ ಹೆಬ್ಬೆರಳು ಜಜ್ಜಿಕೊಂಡದ್ದು, ಎಲ್ಲ. ಆದರೆ ಡಾಕ್ಟರ ಪುಸ್ತಕ ಮರವಲ್ಲ, ಅಲ್ಲಿ ನಾನು ಪಕ್ಕದಲ್ಲಿ ನಿಂತು ಕೆಂಪು ಎನ್ನಲಾಗುವುದಿಲ್ಲ. ಅದಕ್ಕೂ ನಾನು ತಯಾರಿ ಮಾಡಿಟ್ಟಿದ್ದೆ. ಕಣ್ಣಿನ ಡಾಕ್ಟರು ಊಟಕ್ಕೆ ಹೋದಾಗ ಆ ಪುಸ್ತಕದ ಹಾಳೆಗಳ ಫೋಟೋ ತೆಗೆದು ಅಂಕಿಗಳನ್ನು ಬರೆದುಕೊಂಡಿದ್ದೆ.

"ಬಾಯಿ, ಆ ಪುಸ್ತಕ ಬಹಳ ಹಳೇದು. ಬಣ್ಣ ಮಾಸಿ ಕಣ್ಣು ಸರಿಯಿದ್ದವರಿಗೂ ತಪ್ಪುತ್ತದೆ. ಮರದ ಕೆಂಪು ಕಂಡಿತಲ್ಲ ನಿಮಗೆ. ಈ ಅಂಕಿ ಸುಮ್ಮನೆ ನೆನಪಲ್ಲಿರಲಿ."

ನಂಬಬೇಕೆಂದು ಆಸೆಯಿದ್ದವರಿಗೆ ನಂಬಿಸುವುದು ಕಷ್ಟವಲ್ಲ. "ಹೇಳು," ಎಂದರು. ಹನ್ನೆರಡು, ಎಂಟು, ಇಪ್ಪತ್ತೊಂಬತ್ತು, ಐದು, ಮೂರು, ಹದಿನೈದು, ಎಪ್ಪತ್ತನಾಲ್ಕು. ಸಂಜೆಯ ತೇರ್ಸ್ ಪ್ರಾರ್ಥನೆ ಹೇಳುವ ಹಾಗೆ ನಾನು ಮೊದಲು, ಅವರು ನಂತರ. ಅಬುಧಾಬಿ ಸೇತುವೆ ಬರುವಷ್ಟರಲ್ಲಿ ಅವರಿಗೆ ಜಪಮಾಲೆಯಷ್ಟೇ ಬಾಯಿಪಾಠವಾಗಿತ್ತು. ಮನೆಗೆ ಬಂದ ಮೇಲೆ, ಎಮಿಲಿಬಾಯಿ ಬಚ್ಚಲಿಗೆ ಹೋದಾಗ ನೆಲ್ಸನ್, "ನೀನು ಮಾಡಿದ್ದು ಒಳ್ಳೇದಲ್ಲ," ಎಂದ. "ನಿನಗೆ ಎಂತ ಗೊತ್ತು? ಸುಮ್ಮನೆ ಕೂರು," ಎಂದು ನಾನು ಅವನ ಬಾಯಿ ಮುಚ್ಚಿಸಿದೆ.

ಭಾನುವಾರ ಪರೀಕ್ಷೆ ಪಾಸಾಯಿತು. ಡಾಕ್ಟರು ಒಂದು ಹಾಳೆಯನ್ನೂ ಹಿಂದೆ ಮುಂದೆ ಮಾಡಲಿಲ್ಲ. ಎಮಿಲಿಬಾಯಿ ಬಿಸಿ ಬಿಸಿ ಪೆಟ್ಟಿಸ್ ತಂದು ರಿಸೆಪ್ಷನ್‌ನಲ್ಲಿದ್ದವರಿಗೆಲ್ಲ ಹಂಚಿದರು. ನಾನೂ ತಿಂದೆ.

ಜನವರಿ 29, ಗುರುವಾರ ಸಂಜೆ ಅಬ್ದುಲ್ಲಾಕ ಬಂದರು. ಎರಡು ದಿನದಿಂದ ಮೈಯಲ್ಲಿ ಅಲ್ಲಲ್ಲಿ ಕಪ್ಪುಗಟ್ಟಿದ ಕಲೆ ಏಳುತ್ತಿದೆ ಎಂದು ತೋರಿಸಿದರು. ಡಾಕ್ಟರು ನೋಡಿ, ರಕ್ತ ತೀರಾ ತೆಳುವಾಗಿರಬಹುದು, ಹಾಗಿದ್ದರೆ ಲ್ಯಾಬಿನವರು ಇವತ್ತೇ ರಾತ್ರಿ ನನ್ನ ಮೊಬೈಲಿಗೆ ತಿಳಿಸುತ್ತಾರೆ, ತಿಳಿದ ಕೂಡಲೇ ಫೋನ್ ಮಾಡಿ ಮಾತ್ರೆ ನಿಲ್ಲಿಸಲು ಹೇಳುತ್ತೇನೆ, ಅಲ್ಲಿಯವರೆಗೆ ಮಾತ್ರೆ ಹಾಗೇ ನಡೆಯಲಿ ಎಂದರು. ಅದಕ್ಕೆ ಬೇಕಾದದ್ದು ನೀಲಿ ಮುಚ್ಚಳದ ಟ್ಯೂಬು. ಅಂದು ಮಧ್ಯಾಹ್ನ ಹೊಸ ಸ್ಟ್ಯಾಂಡು ಬಂದಿತ್ತು. ಹೊಸದಾಗಿ ಸೇರಿದ ನರ್ಸ್ ಒಬ್ಬಳು ಒಳ್ಳೇ ಮನಸ್ಸಿನಿಂದಲೇ ಟ್ಯೂಬುಗಳನ್ನು ತನಗೆ ಗೊತ್ತಿದ್ದ ಹಾಗೆ ಜೋಡಿಸಿದ್ದಳು. ಎಡದ ತುದಿಯಲ್ಲಿ ನೇರಳೆ ಇತ್ತು.

ಎಮಿಲಿಬಾಯಿ ಕಣ್ಣು ಮುಚ್ಚಿ ಎರಡು ಬೆರಳಿಟ್ಟರು. ಒಂದೇ ಸಲಕ್ಕೆ ನರ ಸಿಕ್ಕಿತು. ಅಬ್ದುಲ್ಲಾಕ ಹೊರಗೆ ಬಂದು ನನ್ನ ಮೇಜಿನ ಮುಂದೆ ನಿಂತು ತೋಳಿನ ಹತ್ತಿಯನ್ನು ಒತ್ತಿ ಹಿಡಿದು, "ಗೊತ್ತೇ ಆಗಲಿಲ್ಲ ತಂಗಿ," ಎಂದರು. ಸಲಾಂ ಹೇಳಿ ಹೋದರು.

ಲ್ಯಾಬ್ ಇರುವುದು ಮುಸ್ಸಫಾದಲ್ಲಿ. ನಾವು ಎಂಟು ಗಂಟೆಗೆ ಬಾಗಿಲು ಹಾಕಿದೆವು. ಒಂಬತ್ತಕ್ಕೆ ಅಲ್ಲಿಂದ ಫ್ಯಾಕ್ಸ್ ಬಂದಿತ್ತು. ನಮ್ಮ ಕ್ಲಿನಿಕ್ಕಿಗೆ ಶುಕ್ರವಾರ, ಶನಿವಾರ ಎರಡೂ ದಿನ ರಜೆ. ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಹಾಕುವ ಮುಂಚೆ ಆ ಕಾಗದ ತೆಗೆದವಳು ನಾನೇ. ತಪ್ಪು ಟ್ಯೂಬು, ಪರೀಕ್ಷೆ ಮಾಡಿಲ್ಲ, ಮತ್ತೆ ರಕ್ತ ಕಳಿಸಿ ಎಂದಿತ್ತು. ಡಾಕ್ಟರು ಲ್ಯಾಬಿನ ಫೋನ್ ಬರಲಿಲ್ಲವೆಂದರೆ ತೊಂದರೆಯಿಲ್ಲ ಎಂದುಕೊಂಡಿದ್ದರು. ಅಬ್ದುಲ್ಲಾಕ ಫೋನ್ ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದುಕೊಂಡಿದ್ದರು. ಗುರುವಾರ, ಶುಕ್ರವಾರ ಎರಡೂ ದಿನ ಮಾತ್ರೆ ನುಂಗಿದರು. ನಾನು ಅಲ್ ಐನ್‌ಗೆ ಫೋನ್ ಮಾಡಿದಾಗ ಅವರ ಹೆಂಡತಿ ಝುಲೈಖ ಎತ್ತಿದರು. ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ತಲೆ ಸಿಡಿಯುತ್ತದೆ ಎಂದು ಕೂತವರು ಏಳಲಿಲ್ಲವಂತೆ. ತಲೆಯೊಳಗೆ ರಕ್ತ ಒಸರಿತ್ತು. ದಫನ ಕೂಡ ಆಗಿತ್ತು.

ಆ ಕಾಗದ ಕೈಯಲ್ಲಿ ಹಿಡಿದು ನಾನು ರಕ್ತ ತೆಗೆಯುವ ಕೋಣೆಗೆ ಹೋದೆ. ಎಮಿಲಿಬಾಯಿ ಸ್ಟ್ಯಾಂಡು ಒರೆಸುತ್ತಿದ್ದರು. ಅವರಿಗೆ ಅಕ್ಷರ ಕಾಣದ್ದರಿಂದ ನಾನೇ ಓದಿ, ಝುಲೈಖ ಹೇಳಿದ್ದನ್ನೂ ತಿಳಿಸಿದೆ. ಅವರು ಕುರ್ಚಿಯಲ್ಲಿ, ರೋಗಿಗಳು ಕೂರುವ ಕುರ್ಚಿಯಲ್ಲಿ ಕೂತರು. ಅಳಲಿಲ್ಲ. ಎಡದ ತುದಿಯ ಟ್ಯೂಬು ತೆಗೆದು ನನ್ನ ಕೈಗೆ ಕೊಟ್ಟು, "ಇದು ಯಾವುದು?" ಎಂದು ಕೇಳಿದರು. ನೇರಳೆ ಎಂದೆ. ಮಧ್ಯಾಹ್ನದೊಳಗೆ ರಾಜೀನಾಮೆ ಕೊಟ್ಟಿದ್ದರು. ಟ್ಯೂಬು ಸರಿಯಿದ್ದರೂ ಸಾವು ತಪ್ಪುತ್ತಿತ್ತೋ ಇಲ್ಲವೋ, ಅವರ ಹಣೆಬರಹ ಎಂದು ಡಾಕ್ಟರು ಹೇಳಿದರು. ಅಲ್ ಐನ್‌ಗೆ ಹೋಗಿ ಝುಲೈಖರ ಕಾಲು ಹಿಡಿಯಬೇಕು ಎಂದು ಎಮಿಲಿಬಾಯಿ ಹಟ ಹಿಡಿದರು, ಹೋದರು. ಅವರಿಗೆ ನಡೆದದ್ದೆಲ್ಲ ಹೇಳಿದರು. ಆಯಮ್ಮ ತಲೆ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಅವರು ನಿಮ್ಮ ಬಗ್ಗೆ ಒಳ್ಳೇದೇ ಹೇಳುತ್ತಿದ್ದರು," ಎಂದು ಒಳಗೆ ಹೋದರಂತೆ. ಇದು ನೆಲ್ಸನ್ ಹೇಳಿದ್ದು. ನಾನು ಹೋಗಲಿಲ್ಲ, ಹೋಗುವ ಮುಖ ಇರಲಿಲ್ಲ.

ಮೂರು ವಾರದಲ್ಲಿ ಕ್ಯಾನ್ಸಲ್ ಮುಗಿಯಿತು. ಆ ಮೂರು ವಾರ ನಾವು ಮೂವರೂ ಒಂದೇ ಮೇಜಿನಲ್ಲಿ ಊಟ ಮಾಡಿದೆವು. ಎಲೆಯ ಮಾತು ಯಾರೂ ಎತ್ತಲಿಲ್ಲ. ಹೊರಡುವ ಬೆಳಿಗ್ಗೆ ನೆಲ್ಸನ್ ಪೆಟ್ಟಿಗೆ ಇಳಿಸಲು ಕೆಳಗೆ ಹೋದ. ಎಮಿಲಿಬಾಯಿ ನನ್ನನ್ನು ಕೋಣೆಗೆ ಕರೆದು ಪ್ರಾರ್ಥನೆ ಪುಸ್ತಕ ಬಿಡಿಸಿದರು. ಐದೂ ಎಲೆ ಒಣಗಿ ಒಂದೇ ಥರ ಕಂದಾಗಿದ್ದವು. ಈಗ ಯಾರಿಗೂ ಯಾವುದು ಯಾವುದೆಂದು ಹೇಳಲಾಗುತ್ತಿರಲಿಲ್ಲ. ಒಂದೊಂದೇ ಹಾಸಿಗೆಯ ಮೇಲೆ ಇಟ್ಟರು.

"ಅವತ್ತು ಇದರಲ್ಲಿ ಎಷ್ಟು ಕೆಂಪಿತ್ತು?"

ಇನ್ನೊಂದು ಸುಳ್ಳು ಹೇಳಿದ್ದರೆ ನಡೆಯುತ್ತಿತ್ತು. ನನಗೆ ಆಗಲಿಲ್ಲ.

"ಒಂದು," ಎಂದೆ. "ನಾಲ್ಕು ಹಸಿರು."

ಅವರು ತಲೆಯಾಡಿಸಿದರು. ಬಹಳ ದಿನದಿಂದ ಗೊತ್ತಿದ್ದ ಸಂಗತಿ ಕೇಳಿದವರ ಹಾಗೆ.

"ಮರ ನನಗೆ ಸರಿಯಾಗಿಯೇ ಹೇಳಿತ್ತು ಕ್ಯಾರೊಲಿನ್. ತಲೆ ಎತ್ತಿ ನೋಡಿದಾಗ ಕೆಂಪು ಎಂತದೂ ಕಾಣಲಿಲ್ಲ, ಎಲ್ಲ ಒಂದೇ ಬೂದಿ ಬೂದಿ. ಅಲ್ಲಿಯೇ ತೀರ್ಮಾನ ಆಗಿತ್ತು. ಸುಮ್ಮನೆ ನಿನ್ನನ್ನು ಕೇಳಿದ್ದು. ನೀನು ಮುಚ್ಚಿಟ್ಟು ಮಾತಾಡುವವಳಲ್ಲ ಅಂತ ನಿನ್ನನ್ನೇ ಕೇಳಿದ್ದು."

ನಾನು ಅವರ ಕಾಲ ಬಳಿ ನೆಲದಲ್ಲಿ ಕೂತೆ. ಏನು ಹೇಳಿದೆನೋ ನೆನಪಿಲ್ಲ. ನಿಮ್ಮನ್ನು ಬಿಟ್ಟಿರಲು ಆಗುತ್ತಿರಲಿಲ್ಲ ಎಂದು ಹೇಳಿರಬೇಕು. ಅವರು ನನ್ನ ತಲೆ ಮುಟ್ಟಲಿಲ್ಲ. ಎಲೆಗಳನ್ನು ಹಾಸಿಗೆಯ ಮೇಲೇ ಬಿಟ್ಟು ಎದ್ದು ನಿಂತು, ಕೈಚೀಲ ಹುಡುಕಿ ಹೆಗಲಿಗೆ ಹಾಕಿಕೊಂಡರು. ಬಾಗಿಲ ಹತ್ತಿರ ನಿಂತು ಮತ್ತೆ ಕೇಳಿದರು.

"ಅಬ್ದುಲ್ಲಾಕ ಅಲ್ಲೇ ನಿಂತಿದ್ದರಲ್ಲ. ಅವರಿಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಗೊತ್ತಿದ್ದೂ ನನ್ನ ಮುಂದೆ ತೋಳು ಚಾಚಿದರಾ?"

"ಚಾಚಿದರು," ಎಂದೆ.

ಅವರು ಗೋಡೆ ಹಿಡಿದುಕೊಂಡು ನಿಂತರು. ಆಮೇಲೆ, ಗೋಡೆಯನ್ನು ಸವರುತ್ತಲೇ, ಒಬ್ಬರೇ ಲಿಫ್ಟಿನ ಕಡೆ ನಡೆದರು. ಕೆಳಗೆ ನೆಲ್ಸನ್ ಎರಡು ಸಲ ಹಾರ್ನ್ ಹೊಡೆದ.